ಕುಂಬಳದ ಹೂವಿಗೆ ಕುಲಾವಿ

ಹತ್ತಿರ ಬನ್ನಿ, ಇನ್ನೂ ಹತ್ತಿರ. ನಿಮ್ಮ ಹತ್ತಿರ ನಡ್ಕೊಂಡು ಬರೋಕೆ ಕಥೆಗೆ ಕಾಲಿಲ್ಲ. ಹುಣಸೇಹಣ್ಣು ಕುಟ್ಟೋರು ಕುಟ್ತಾ ಇರಿ, ಬೀಜ ಬಿಡಿಸೋರು ಬಿಡಿಸ್ತಾ ಇರಿ. ಆದರೆ ನಾನು ಉಸಿರು ತಗೊಂಡಾಗ ಯಾರಾದರೂ ಒಬ್ಬರು ಹೂಂ ಅನ್ನಬೇಕು. ಹೂಂ ಅನ್ನೋರಿಲ್ಲದ ಕಥೆ ಉಪ್ಪಿಲ್ಲದ ಹುಳಿ ಇದ್ದಂಗೆ.

ಹೂಂ ಅಂದ್ರಾ? ಸರಿ, ಕೇಳಿ.

ಒಂದು ಕಾಲದಲ್ಲಿ ಒಂದು ಊರಿತ್ತು. ಹೆಸರು ಕೇಳಬೇಡಿ. ಹೆಸರು ಹೇಳಿದರೆ ಆ ಊರಿನವರು ನಾಳೆ ದೊಣ್ಣೆ ಹಿಡ್ಕೊಂಡು ನನ್ನ ಬಾಗಿಲಿಗೆ ಬರ್ತಾರೆ. ಆ ಊರಲ್ಲಿ ಹೊಂಬಾಳಮ್ಮ ಅಂತ ಒಬ್ಬಳಿದ್ದಳು. ಮಾತು ಮೆಣಸಿನಕಾಯಿ, ಮನಸ್ಸು ಬೆಣ್ಣೆ. ಏನನ್ನಾದರೂ ನಂಬಿದಳೋ, ಬ್ರಹ್ಮ ಬಂದು ಹೇಳಿದರೂ ಬಿಡೋಳಲ್ಲ. ಅವಳ ಗಂಡ ಬೊಮ್ಮಲಿಂಗ. ಅವನು ಹೆಂಗೆ ಅಂತೀರಾ? ಹೆಂಡತಿ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಅಂಥ ಗಂಡ ಈಗ ಎಲ್ಲಿ ಸಿಗ್ತಾನೆ ಹೇಳಿ?

ಇವರಿಗೆ ಒಬ್ಬಳೇ ಮಗಳು, ಚೆಲುವಿ. ಅವಳನ್ನ ಹೊಳೆಯಾಚೆ ಊರಿಗೆ ಕೊಟ್ಟಿದ್ದರು.

ಪಕ್ಕದ ಮನೆಯಲ್ಲಿ ಚಿಕ್ಕತಾಯಿ. ಒಂಟಿ ಹೆಂಗಸು, ಜೊತೆಗೊಂದು ಎಮ್ಮೆ. ಎರಡು ಮನೆಯ ಹಿತ್ತಲಿಗೂ ನಡುವೆ ಒಂದು ಬೇಲಿ, ಬೇಲಿಯಲ್ಲಿ ಒಂದು ಕಿಂಡಿ. ಉಪ್ಪು ಹೋಗ್ತಿದ್ದಿದ್ದು ಆ ಕಿಂಡಿಯಲ್ಲಿ, ಕೆಂಡ ಬರ್ತಿದ್ದಿದ್ದು ಆ ಕಿಂಡಿಯಲ್ಲಿ, ಊರಿನ ಚಾಡಿ ಓಡಾಡ್ತಿದ್ದಿದ್ದೂ ಅದೇ ಕಿಂಡಿಯಲ್ಲಿ. ಚೆಲುವಿ ಅಂಬೆಗಾಲಿಕ್ಕೋದು ಕಲಿತಿದ್ದೇ ಆ ಕಿಂಡಿ ದಾಟಿ ಚಿಕ್ಕತಾಯಿಯ ಮಜ್ಜಿಗೆ ಗಡಿಗೆ ಹುಡುಕ್ಕೊಂಡು ಹೋಗಿ.

ಶಿವರಾತ್ರಿ ಕಳೀತು. ಚಳಿ ಶಿವಶಿವಾ ಅಂತ ಹೊರಟು ಹೋಯ್ತು. ಆಗ ಹೊಳೆಯಾಚೆಯಿಂದ ಸುದ್ದಿ ಬಂತು, ಚೆಲುವಿ ಬಸುರಿ ಅಂತ! ಹೊಂಬಾಳಮ್ಮ ಕುಣಿದಳು, ಬೊಮ್ಮಲಿಂಗ ಕುಣಿದ, ಬೇಲಿಯಾಚೆ ಚಿಕ್ಕತಾಯಿಯೂ ಕುಣಿದಳು. ಸುದ್ದಿಯ ಹಿಂದೆ ಮಗಳ ಮಾತೂ ಬಂತು: "ಅವ್ವಾ, ಬಾಯಿಗೆ ಏನೂ ಸೇರ್ತಿಲ್ಲ. ನಮ್ಮ ಹಿತ್ತಲಲ್ಲಿ ಬೆಳೆದ ಸಿಹಿಗುಂಬಳದ ಹುಳಿ ಉಣ್ಣಬೇಕು ಅನ್ನಿಸ್ತದೆ. ಸಂತೆಯದು ಬ್ಯಾಡ."

ಬಸುರಿಯ ಬಯಕೆ ತೀರದಿದ್ದರೆ ಹುಟ್ಟೋ ಮಗುವಿನ ಕಿವಿ ಸೋರ್ತದೆ ಅಂತಾರೆ, ಗೊತ್ತಲ್ಲ? ಅದೊಂದೇ ಆಗಿದ್ದರೆ ಪರವಾಗಿಲ್ಲ. ಮಗಳ ಮಾತಿನ ಹಿಂದೆ ಬೀಗಿತ್ತಿ ದೇವೀರಮ್ಮನ ಮಾತೂ ಬಂತು. ದೇವೀರಮ್ಮ ಅಂದರೆ ಚೆಲುವಿಯ ಅತ್ತೆ. ಬಾಯಿ ತೆಗೆದರೆ ಕತ್ತರಿ.

"ಕಾರು ಹುಣ್ಣಿಮೆ ಕಳೆದ ಮೇಲೆ ಸೊಸೇನ ಕರ್ಕೊಂಡು ಬರ್ತೀನಿ. ಬೀಗಿತ್ತಿ ಅವರ ಹಿತ್ತಲಿಂದ ಕುಂಬಳಕಾಯಿ ಕಿತ್ತು ನನ್ನ ಕಣ್ಣೆದುರಿಗೆ ಮಗಳ ಮಡಿಲಿಗೆ ಹಾಕಲಿ. ಹಾಕಿದರೆ ಬಾಣಂತನ ತವರಲ್ಲಿ. ಇಲ್ಲದಿದ್ದರೆ ಅದೇ ಗಾಡಿಯಲ್ಲಿ ವಾಪಸ್, ಬಾಣಂತನ ನಮ್ಮ ಮನೇಲಿ. ಒಂದು ಕುಂಬಳಕಾಯಿ ಬೆಳೆಸೋಕಾಗದೋರು ನನ್ನ ಮೊಮ್ಮಗೂನ ಹೆಂಗೆ ಬೆಳೆಸ್ತಾರೆ?"

ಆ ಸೀಮೆಯಲ್ಲಿ ಹಂಗೊಂದು ಪದ್ಧತಿ ಇತ್ತಂತೆ. ಹಿತ್ತಲು ಹಸಿರಿದ್ದ ತವರಿಗೆ ಮಾತ್ರ ಬಾಣಂತಿ. ಬೇರೆಯವರೆಲ್ಲ ಅದನ್ನ ಮರೆತು ಎಷ್ಟೋ ಕಾಲ ಆಗಿತ್ತು, ದೇವೀರಮ್ಮ ಮರೀಲಿಲ್ಲ.

ಹೊಂಬಾಳಮ್ಮ ಕೂತಲ್ಲಿಂದ ಎದ್ದಳು. ಮಗಳ ಚೊಚ್ಚಲ ಬಾಣಂತನ ಕೈ ತಪ್ಪಿದರೆ ಬದುಕಿದ್ದೂ ಏನು ಬಂತು? ತಲೆಗೆ ಎಣ್ಣೆ ಒತ್ತೋರು ಯಾರು, ಮಗೂಗೆ ಕಾಲ ಮೇಲೆ ಹಾಕ್ಕೊಂಡು ನೀರು ಹಾಕೋರು ಯಾರು? ಸೆರಗು ಸೊಂಟಕ್ಕೆ ಬಿಗಿದಳು, ಹಿತ್ತಲಿಗೆ ಇಳಿದಳು.

ಬೇಸಿಗೆ ಅಂದರೆ ಎಂಥ ಬೇಸಿಗೆ! ಕಾಗೆ ಕೂಡ ನೆರಳು ಹುಡುಕ್ಕೊಂಡು ನಡೀತಿತ್ತು. ಗೋಡೆಗೆ ತಟ್ಟಿದ್ದ ಸಗಣಿಯೊಳಗೆ ಕಾಪಿಟ್ಟಿದ್ದ ಬೀಜ ಬಿಡಿಸಿದಳು. ಬಚ್ಚಲ ನೀರು ಹರಿಯೋ ಕಡೆ ಕುಂಬಳ ಊರಿದಳು. ಒಂದೇ ಗಿಡ ನೆಚ್ಚಿಕೊಂಡರೆ ಹೆಂಗೆ ಅಂತ ಬದನೆ ನೆಟ್ಟಳು, ಹೀರೆ ಹಬ್ಬಿಸಿದಳು, ಬೆಂಡೆ ಚೆಲ್ಲಿದಳು. ಹಾಗಲ? ಹಾಗಲ ಯಾರೂ ಊರಲಿಲ್ಲ. ಅದು ತಾನೇ ಬಂತು.

ಏನಾಯ್ತು ಅಂತೀರಿ? ಬದನೆಯ ಮೇಲೆ ಪ್ರೀತಿ ಉಕ್ಕಿ ಬೆಳಗ್ಗೆ ಒಂದು ಕೊಡ, ಮಧ್ಯಾಹ್ನ ಒಂದು ಕೊಡ, ಸಂಜೆ ಒಂದು ಕೊಡ ಸುರಿದಳು. ಗಿಡದ ಬೇರೇ ಕೊಳೀತು. ಹೀರೇಕಾಯಿ ಚೆಂದ ಬಿಟ್ಟಿತ್ತು. "ಮಗಳು ಬಂದಾಗ ಕೀಳೋಣ, ಮುಟ್ಟಬ್ಯಾಡ" ಅಂತ ಬಿಟ್ಟಳು. ಅದು ಬಲಿತು, ಒಣಗಿ, ನಾರಾಗಿ, ಬೊಮ್ಮಲಿಂಗನ ಬೆನ್ನುಜ್ಜೋಕೆ ಬಂತು. ಪಾಪ, ಆ ಬೇಸಿಗೆಯಲ್ಲಿ ಇಡೀ ಊರಲ್ಲಿ ಅವನ ಬೆನ್ನಿನಷ್ಟು ಚೊಕ್ಕವಾದ ಬೆನ್ನು ಇನ್ನೊಂದಿರಲಿಲ್ಲ. ಬೆಂಡೆಯ ಕಡೆ ಯಾರೂ ತಿರುಗಿ ನೋಡಲಿಲ್ಲ, ಅದು ಆಳೆತ್ತರ ಬೆಳೀತು. ಹಾಗಲವನ್ನ ಕಂಡರೆ ಎಲ್ಲರೂ ಮುಖ ಕಿವಿಚೋರು, ಅದು ಬೇಲಿ, ಬಾವಿಕಟ್ಟೆ, ಒಣಹಾಕಿದ್ದ ಸೀರೆ, ಎಲ್ಲದರ ಮೇಲೂ ಹಬ್ಬಿತು. ಬೇಡದ ಹಾಗಲ ಬುಟ್ಟಿಗಟ್ಟಲೆ, ಬೇಕಾದ್ದು ಬೊಗಸೆಯಷ್ಟೂ ಇಲ್ಲ. ನಮ್ಮ ಹಣೆಬರಹವೇ ಅಷ್ಟು, ಅಲ್ವಾ?

ಆದರೆ ಕುಂಬಳದ ಬಳ್ಳಿ ಮಾತ್ರ ಜೋರಾಗಿ ಬಂತು. ಒಂದು ದಿನ ನೋಡ್ತಾಳೆ, ಮೊಗ್ಗು! ಮೊಗ್ಗಿನ ಕೆಳಗೆ ಗೋಲಿಯಷ್ಟು ಮಿಡಿ!

ಈಗ ಕಿವಿ ಕೊಟ್ಟು ಕೇಳಿ. ಕುಂಬಳದ ಮಿಡಿಗೆ ಬೆರಳು ತೋರಿಸಬಾರದು. ತೋರಿಸಿದರೆ ಕೊಳೀತದೆ. ನಿಮ್ಮಜ್ಜಿ ನಿಮಗೆ ಹೇಳಿಲ್ವಾ? ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಲ್ಲಿ ತೋರಿಸಬೇಕು. ನಾನೂ ಮಡಚ್ತೀನಿ, ಸುಳ್ಳು ಯಾಕೆ ಹೇಳಲಿ? ಆದರೆ ಹೊಂಬಾಳಮ್ಮ ಮಡಚಿ ಸುಮ್ಮನಾಗೋಳಲ್ಲ. "ಕಾಣಿಸಿದರೆ ತಾನೇ ಬೆರಳು ತೋರಿಸೋದು? ಕಾಣದಂಗೇ ಮಾಡ್ತೀನಿ" ಅಂತ ಮೊಗ್ಗಿನ ಮೇಲೆ ಒಂದು ಬಿದಿರಿನ ಮಂಕರಿ ಕವುಚಿಬಿಟ್ಟಳು.

ಒಂದು ಮಧ್ಯಾಹ್ನ ಬೊಮ್ಮಲಿಂಗ ಬಚ್ಚಲಿಂದ ಬಂದ. ಮಂಕರಿ ಕಂಡ. ಎತ್ತಿದ. ಬಾಡಿದ ಹೂವಿನ ಕೆಳಗೆ ಮಿಡಿ ಕಂಡು ಸಂತೋಷ ತಡೀಲಾರದೆ ಬೆರಳು ಚಾಚಿ ಕೂಗಿದ: "ಅಗೋ ನೋಡೇ!"

ಮಾರನೇ ದಿನ ಮಿಡಿ ಹಳದಿ ಆಯ್ತು. ಅದರ ಮಾರನೇ ದಿನ ಕೊಳೆತು ಬಿತ್ತು.

"ನಿನ್ನ ಬೆರಳಿಗೆ ಬೆಂಕಿ ಬೀಳ!" ಅಂತ ಹೊಂಬಾಳಮ್ಮ ಎದೆ ಬಡ್ಕೊಂಡಳು. "ಚೆಲುವಿ ಅಪ್ಪಾ, ಮಗಳು ಮನೆಗೆ ಬರೋದು ನಿಂಗೆ ಬ್ಯಾಡವಾ?"

"ನಾನೇನು ಮಾಡ್ದೆ? ಸುಮ್ನೆ ತೋರಿಸ್ದೆ."

"ಅದೇ ಮಾಡಿದ್ದು!"

ಹಳೇ ಬಟ್ಟೆ ಹರಿದು ಅವನ ತೋರುಬೆರಳನ್ನ ಮಡಚಿ ಕಟ್ಟಿಬಿಟ್ಟಳು. ಬೊಮ್ಮಲಿಂಗ ಆ ಬೇಸಿಗೆಯೆಲ್ಲ ಮುದ್ದೆ ಮುರಿದದ್ದು ಉಳಿದ ಬೆರಳಲ್ಲೇ. ಊರವರು ಕೇಳಿದರೆ "ಉಗುರುಸುತ್ತು" ಅಂತಿದ್ದ. ಮರ್ಯಾದಸ್ಥ.

ಎರಡನೇ ಮೊಗ್ಗು ಬಂತು. ಈ ಸಲ ಮಂಕರಿಯೂ ಮುಚ್ಚಿದಳು, ಪಕ್ಕದಲ್ಲಿ ಹಳೇ ಮೆಟ್ಟು, ಮೋಟು ಪೊರಕೆ ಎರಡನ್ನೂ ನೇತು ಹಾಕಿದಳು. ಕಾವಲಿಗೆ ತಾನೇ ಕೂತಳು. ಬಿಸಿಲು ಇಳಿದ ಮೇಲೆ ಮಿಡಿ ಹೆಂಗಿದೆ ಅಂತ ಮಂಕರಿ ಓರೆ ಮಾಡ್ತಾಳೆ, ಅಷ್ಟರಲ್ಲಿ ಬೇಲಿ ಕಿಂಡಿಯಲ್ಲಿ ಚಿಕ್ಕತಾಯಿಯ ಮುಖ!

"ಎಂಥಾ ಮಿಡಿ ಹೊಂಬಾಳಕ್ಕಾ! ಗುಂಡಗೆ, ಮಗೂನ ಕೆನ್ನೆ ಇದ್ದಂಗೆ ಐತೆ!"

ಮುಗೀತು. ಎರಡು ದಿನಕ್ಕೆ ಆ ಮಿಡಿಯೂ ಕೊಳೀತು.

ಹೊಂಬಾಳಮ್ಮ ಬೇಲಿಗೆ ಬಂದು ನಿಂತಳು. ಬಾರದ ಮಾತೆಲ್ಲ ಬಂತು. "ನಿನ್ನ ಕಣ್ಣು ಕಣ್ಣಲ್ಲ, ಕೆಂಡ! ಮಕ್ಕಳಿಲ್ಲದೋಳ ಕಣ್ಣಿಗೆ ಮಿಡಿ ಬಿದ್ದರೆ ಉಳೀತದಾ?"

ಅಯ್ಯೋ, ಆ ಮಾತು ಆಡಬಾರದಿತ್ತು. ಚೆಲುವಿಯನ್ನ ಅರ್ಧ ಸಾಕಿದ್ದು ಯಾರು? ಆಡಿದ ಮಾತು, ಒಡೆದ ಮುತ್ತು. ಚಿಕ್ಕತಾಯಿ ಅಳಲಿಲ್ಲ, ಬೈಯಲಿಲ್ಲ. ಬೆನ್ನು ತಿರುಗಿಸಿ ನಿಂತಳು. "ಇವತ್ತಿಂದ ನಿನ್ನ ಹಿತ್ತಲನ್ನಾಗಲಿ, ನಿನ್ನ ಬಳ್ಳಿಯನ್ನಾಗಲಿ ಕಣ್ಣೆತ್ತಿ ನೋಡಿದರೆ ನನ್ನ ಎಮ್ಮೆ ಬತ್ತಿ ಹೋಗಲಿ" ಅಂತ ಆಣೆ ಇಟ್ಟಳು.

ಆಣೆ ಅಂದರೆ ಅವಳಿಗೆ ಆಣೆ. ಹಿತ್ತಲಿಗೆ ಬಂದರೆ ಹಿಂದು ಹಿಂದಕ್ಕೆ ನಡ್ಕೊಂಡು ಬರೋಳು. ಎಮ್ಮೆ ಕಟ್ಟೋದೂ ಹಿಂದು ಹಿಂದಕ್ಕೆ, ಸಗಣಿ ಹಾಕೋದೂ ಹಿಂದು ಹಿಂದಕ್ಕೆ. ಮೊದಲ ವಾರ ಎರಡು ಸಲ ತಿಪ್ಪೆಯಲ್ಲಿ ಕೂತಳು, ಆದರೂ ತಿರುಗಿ ನೋಡಲಿಲ್ಲ. ಇತ್ತ ಹೊಂಬಾಳಮ್ಮ ಬೇಲಿ ಕಿಂಡಿಗೆ ಕಾರೆಮುಳ್ಳು ತುರುಕಿದಳು. ಉಪ್ಪೂ ನಿಂತಿತು, ಕೆಂಡವೂ ನಿಂತಿತು, ಚಾಡಿಯೂ ನಿಂತಿತು. ಊರಿಗೇ ಬೇಜಾರಾಯ್ತು.

ಮೂರನೇ ಸಲ ಒಂದಲ್ಲ, ಬಳ್ಳಿ ತುಂಬ ಮೊಗ್ಗು. ಹೊಂಬಾಳಮ್ಮ ಏನು ಮಾಡಿದಳು ಗೊತ್ತಾ? ಇದ್ದಬದ್ದ ಸೀರೆಯನ್ನೆಲ್ಲ ತಂದು ಹಿತ್ತಲ ಸುತ್ತ ಆಳೆತ್ತರಕ್ಕೆ ಮರೆ ಕಟ್ಟಿದಳು. ಆಮೇಲೆ ಸೂಜಿದಾರ ಹಿಡಿದು ಕೂತಳು. ಹಳೇ ರವಿಕೆ ಹರಿದು, ಲಾಡಿ ಇಟ್ಟು, ಕೂಸಿನ ತಲೆಗೆ ಹಾಕ್ತಾರಲ್ಲ, ಅಂಥ ಪುಟ್ಟ ಪುಟ್ಟ ಕುಲಾವಿ ಹೊಲಿದಳು. ಒಂದೊಂದು ಮೊಗ್ಗಿಗೂ ಒಂದೊಂದು ಕುಲಾವಿ ತೊಡಿಸಿ ಲಾಡಿ ಬಿಗಿದಳು. ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸಿದರು ಅಂತ ಗಾದೆ ಇದೆಯಲ್ಲ, ಅದು ಹುಟ್ಟಿದ್ದೇ ಆವತ್ತು ಅಂತ ನನ್ನ ಅನುಮಾನ.

ಈಗ ನೋಡೋರಿಲ್ಲ, ತೋರಿಸೋರಿಲ್ಲ, ಹೊಗಳೋರಿಲ್ಲ. ಮಿಡಿ ನಿಂತವಾ? ನಿಲ್ಲಲಿಲ್ಲ! ಒಂದು ಉದುರಿತು, ಎರಡು ಉದುರಿತು, ಮೂರು ಉದುರಿತು. ಕುಲಾವಿ ಹಂಗೇ ಇದೆ, ಒಳಗೆ ತಲೆಯಿಲ್ಲ. ಬೈಯೋಕೆ ಯಾರೂ ಸಿಗಲಿಲ್ಲ ಅಂತ ಹೊಂಬಾಳಮ್ಮ ಬೇಲಿ ಮೇಲಿದ್ದ ಓತಿಕ್ಯಾತನನ್ನ ಬೈದಳು. ಆಮೇಲೆ ಬಳ್ಳಿಯ ಬುಡದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಬುಡಕ್ಕೆ ನೀರು ಹಾಕೋದು ಮಾತ್ರ ಬಿಡಲಿಲ್ಲ. ತಾಯಿ ಕರುಳು, ಏನು ಮಾಡೋದು?

ಆದರೆ ಬಳ್ಳಿಗೆ ಜಗಳದ ಸುದ್ದಿ ಯಾರು ಹೇಳಿದ್ದರು? ಅದರ ಒಂದು ಕುಡಿ ಕಾರೆಮುಳ್ಳಿನ ಸಂದಿಯಲ್ಲಿ ತೂರಿ ಮೆಲ್ಲಗೆ ಆಚೆ ದಾಟಿತು. ಇಲ್ಲಿ ಉಸಿರುಕಟ್ಟಿತ್ತೋ ಏನೋ! ಚಿಕ್ಕತಾಯಿಯ ಕೊಟ್ಟಿಗೆ ಗೋಡೆ ಹತ್ತಿತು, ಸೂರು ಹತ್ತಿತು, ಕಾಲು ಚಾಚ್ಕೊಂಡು ಮಲಗಿತು. ಹೊಂಬಾಳಮ್ಮನಿಗೆ ಕಾಣಲಿಲ್ಲ. ಯಾಕೆ? ಬೇರೆಯವರ ಕಣ್ಣಿಗೆ ಅಂತ ಕಟ್ಟಿದ ಸೀರೆ ಅವಳ ಕಣ್ಣಿಗೂ ಅಡ್ಡ. ಚಿಕ್ಕತಾಯಿಗೂ ಕಾಣಲಿಲ್ಲ. ಯಾಕೆ? ಆಣೆ! ಸೂರಿನ ಕಡೆ ಏನೋ ಹಸಿರು ಅಲ್ಲಾಡ್ತದೆ ಅಂತ ಗೊತ್ತಾದ ಕೂಡಲೇ ತಲೆ ತಗ್ಗಿಸಿದೋಳು, ಎತ್ತಲೇ ಇಲ್ಲ.

ಕಾರು ಹುಣ್ಣಿಮೆ ಕಳೀತು. ಗಾಡಿ ಬಂತು. ಗಾಡಿಯಿಂದ ಚೆಲುವಿ ಇಳಿದಳು, ಮುಖದಲ್ಲಿ ಬಸುರಿಯ ಕಳೆ. ಹಿಂದೆ ದೇವೀರಮ್ಮ ಇಳಿದಳು, ಸೊಂಟದ ಮೇಲೆ ಕೈ.

"ಎಲ್ಲಿ ಬೀಗಿತ್ತೀ, ಹಿತ್ತಲು ತೋರ್ಸಿ."

ಹೊಂಬಾಳಮ್ಮ ಒಳಗೆ ಓಡಿದಳು. ಮೊರದ ತುಂಬ ಹಾಗಲಕಾಯಿ ತಂದಿಟ್ಟಳು. "ಹಾಗಲ ಬೋ ಒಳ್ಳೇದು ಬೀಗಿತ್ತೀರೇ, ರಕ್ತ ಶುದ್ಧಿ."

"ನಮ್ಮ ರಕ್ತ ಶುದ್ಧವಾಗೇ ಐತೆ. ಆ ಸೀರೆ ಹಿಂದೆ ಏನದು ಬಚ್ಚಿಟ್ಟಿರೋದು?" ಅಂದವಳೇ ದೇವೀರಮ್ಮ ಹೋಗಿ ಸೀರೆ ಎಳೆದಳು. ಒಂದು ಎಳೆದರೆ ಸಾಲಾಗಿ ಎಲ್ಲ ಬಿದ್ದವು. ಬಳ್ಳಿಯ ಉದ್ದಕ್ಕೂ ಕುಲಾವಿಗಳು ಗಾಳಿಗೆ ತೂಗಾಡ್ತಿದ್ದವು.

ದೇವೀರಮ್ಮ ಬಾಯಿ ಬಿಟ್ಟಳು. "ಇದೇನಿದು! ಇಷ್ಟೊಂದು ಕುಲಾವಿ, ಅದೂ ಇಷ್ಟಿಷ್ಟು ಸಣ್ಣವು! ನನ್ನ ಸೊಸೆ ಏನು ಕೋಳಿಮರಿ ಹಾಕ್ತಾಳಾ?"

ಬೊಮ್ಮಲಿಂಗ ನಗು ತಡೀಲಾರದೆ ಕೆಮ್ಮಿದ. ಹೊಂಬಾಳಮ್ಮ ನಿಜ ಹೇಳಿದಳು: ಕಣ್ಣಾಯ್ತು, ಬೆರಳಾಯ್ತು, ಕಾಯಿ ಇಲ್ಲ.

"ಹಂಗಾದರೆ ಆಯ್ತು. ಚೆಲುವಿ, ಗಾಡಿ ಹತ್ತು."

ಚೆಲುವಿಯ ಕಣ್ಣಲ್ಲಿ ನೀರು ಬಂತು. ಸೆರಗಲ್ಲಿ ಒರೆಸ್ಕೊಂಡಳು. ಮುಂದೆ ಯಾವಾಗ ನೋಡ್ತೀನೋ ಅಂತ ಬಾವಿ ನೋಡಿದಳು, ಬೇಲಿ ನೋಡಿದಳು, ಬೇಲಿಯಾಚೆ ತಾನು ಆಡಿದ ಕೊಟ್ಟಿಗೆ ನೋಡಿದಳು. ನೋಡಿದವಳೇ ಕೈ ಚಾಚಿದಳು. ಬೆರಳು ಚಾಚಿದಳು. ಕೋಲಿನಂಗೆ ನೆಟ್ಟಗೆ!

"ಅವ್ವಾ, ಅಗೋ ಅಲ್ಲಿ, ಅದೇನು?"

"ಬೆರಳು ಮಡಚೇ!" ಅಂತ ಹೊಂಬಾಳಮ್ಮ ಓಡಿಬಂದಳು. ಬಂದವಳು ಹಂಗೇ ನಿಂತಳು. ಕೊಟ್ಟಿಗೆ ಸೂರಿನ ಮೇಲೆ ಮೂರು ಕುಂಬಳಕಾಯಿ. ಒಂದು ತಂಬಿಗೆಯಷ್ಟು, ಒಂದು ಬಿಂದಿಗೆಯಷ್ಟು, ಒಂದು ಹಂಡೆಯಷ್ಟು!

ಹೊಂಬಾಳಮ್ಮನ ಮುಖ ಅರಳಿತು. ದೇವೀರಮ್ಮ ತಕ್ಷಣ ಕತ್ತರಿ ಆಡಿಸಿದಳು: "ಅದು ಪಕ್ಕದ ಮನೆ ಸೂರು. ನಿಮ್ಮ ಹಿತ್ತಲಲ್ಲ."

ಗಲಾಟೆ ಕೇಳಿ ಚಿಕ್ಕತಾಯಿ ಬಂದಳು. ಹೆಂಗೆ ಬಂದಳು? ಹಿಂದು ಹಿಂದಕ್ಕೆ. ಚೆಲುವಿ "ಚಿಕ್ಕವ್ವಾ" ಅಂದರೂ ತಿರುಗಲಿಲ್ಲ, ಕಣ್ಣು ಮಾತ್ರ ಒರೆಸ್ಕೊಂಡಳು. ಆಗ ಬೊಮ್ಮಲಿಂಗ ಬೇಲಿ ಮೇಲಿಂದಲೇ ಕೊಟ್ಟಿಗೆ ಒಳಗೆ ಇಣುಕಿದ. ಕುಂಬಳಕಾಯಿಯ ಭಾರಕ್ಕೆ ಸೂರು ಕುಸೀಬಾರದು ಅಂತ ಕೆಳಗೆ ಮೂರು ಕಡೆ ಕವೆಗೋಲು ಆನಿಸಿತ್ತು.

"ಇದು ಯಾರು ಕೊಟ್ಟಿದ್ದು ಚಿಕ್ಕತಾಯಿ?" ಅಂದ.

"ಸೂರು ಕಿರ್ ಅಂತು, ಕೋಲು ಕೊಟ್ಟೆ. ಯಾಕೆ ಕಿರ್ ಅಂತು ಅಂತ ನಾನು ನೋಡಲಿಲ್ಲ. ನನ್ನ ಕಣ್ಣು ಕೆಂಡ ಅಲ್ವಾ?"

ಹೊಂಬಾಳಮ್ಮನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಾರೆಮುಳ್ಳು ಬರಿಗೈಲಿ ಕಿತ್ತಳು. ಕಿಂಡಿಯಲ್ಲಿ ನುಸುಳಿ ಆಚೆ ಹೋದಳು. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಳು, ಬೊಮ್ಮಲಿಂಗ ಹಿಂದಿನಿಂದ ನೂಕಿದ. "ತಪ್ಪಾಯ್ತು ಚಿಕ್ಕತಾಯಿ. ನನ್ನ ನಾಲಿಗೆ ಕೊಳೀಬೇಕಿತ್ತು, ಮಿಡಿ ಕೊಳೀತು. ನಿನ್ನ ಆಣೆ ಇಳಿಸು ನನ್ನವ್ವಾ."

"ಇಳಿಸ್ತೀನಿ. ಆದರೆ ಒಂದು ಮಾತು. ಸೂರಿನ ಮೇಲಿರೋ ಕಾಯಿಗೆಲ್ಲ ಬೆರಳು ಚಾಚಿ ಒಂದು, ಎರಡು, ಮೂರು ಅಂತ ಎಣಿಸು."

ಹೊಂಬಾಳಮ್ಮ ಕೈ ಎತ್ತಿದಳು. ಬೆರಳು ತಾನಾಗೇ ಮಡಚಿತು. ಇನ್ನೊಂದು ಕೈಯಿಂದ ಹಿಡಿದು ನೆಟ್ಟಗೆ ಮಾಡಿದಳು, ಮತ್ತೆ ಮಡಚಿತು. ಮೂರನೇ ಸಲ ಕಣ್ಣು ಮುಚ್ಕೊಂಡು, ಹಲ್ಲು ಕಚ್ಕೊಂಡು ಚಾಚಿದಳು. "ಒಂದು... ಎರಡು... ಮೂರು." ಕಣ್ಣು ಬಿಟ್ಟಳು. ಕಾಯಿ ಕೊಳೀಲಿಲ್ಲ, ಬೀಳಲಿಲ್ಲ, ಬೇಜಾರೂ ಮಾಡ್ಕೊಳ್ಳಲಿಲ್ಲ.

ಚಿಕ್ಕತಾಯಿ ಆಗ ತಿರುಗಿದಳು. ಅವಳ ಕಣ್ಣು ಮೊದಲು ಬಿದ್ದದ್ದು ಕಾಯಿಯ ಮೇಲಲ್ಲ, ಚೆಲುವಿಯ ಮೇಲೆ. ಆಮೇಲೆ ಕುಲಾವಿಗಳ ಮೇಲೆ. ಹೊಟ್ಟೆ ಹಿಡ್ಕೊಂಡು ನಕ್ಕಳು.

"ಅಲ್ಲ ಹೊಂಬಾಳಕ್ಕಾ! ಗಂಡುಹೂವಿನ ಧೂಳು ಹೊತ್ತು ಹೆಣ್ಣುಹೂವಿಗೆ ತರೋದು ಜೇನುಹುಳ. ಅದು ಬರೋ ಹೊತ್ತಿಗೆ ನೀನು ಲಾಡಿ ಬಿಗಿದು ಕೂತಿದ್ದೀಯ. ಶೋಭನದ ಕೋಣೆಗೆ ಗಂಡನ್ನೇ ಬಿಡದೆ, ಮೊಮ್ಮಗು ಎಲ್ಲಿ ಅಂತ ಅತ್ತರೆ ಎಲ್ಲಿಂದ ತರೋದು? ನನ್ನ ಸೂರಲ್ಲಿ ಕುಲಾವಿ ಇರಲಿಲ್ಲ, ಕಾಯಿ ನಿಂತವು."

ಎಲ್ಲರೂ ನಕ್ಕರು. ದೇವೀರಮ್ಮ ನಗಲಿಲ್ಲ. "ನಗು ಆಮೇಲೆ. ಬಳ್ಳಿಯ ಬುಡ ಇಲ್ಲಿ, ಕಾಯಿ ಅಲ್ಲಿ. ಕಾಯಿ ಯಾರದು, ಅದು ಹೇಳ್ರಿ."

"ನೀವೇ ಹೇಳಿ ತಾಯೀ, ದೊಡ್ಡೋರು" ಅಂದಳು ಚಿಕ್ಕತಾಯಿ.

"ಇನ್ನೇನು? ಯಾರ ಸೂರಿನ ಮೇಲೆ ಕಾಯಿ ಬಿಡ್ತದೋ ಅವರದೇ ಕಾಯಿ!"

"ಒಳ್ಳೇ ಮಾತು. ಹಂಗಾದರೆ ಕಾಯಿ ನನ್ನದು. ಆದರೆ ಒಂದು ಕೇಳ್ತೀನಿ. ಕಾಯಿ ನನ್ನದು ಅಂತ ನಾನು ಮೊದಲೇ ಈ ಬಳ್ಳೀನ ಬುಡದಿಂದ ಕತ್ತರಿಸಿ ಇಟ್ಕೊಂಡಿದ್ದರೆ ಅದು ಬಲೀತಿತ್ತಾ?"

"ಹೆಂಗೆ ಬಲೀತದೆ? ಬುಡದ ನೀರು ಬ್ಯಾಡವಾ?"

"ನೀವೇ ಅಂದ್ರಿ! ನಿಮ್ಮ ಸೊಸೆ ಬುಡ ಹೊಂಬಾಳಕ್ಕನ ಹಿತ್ತಲಲ್ಲೈತೆ. ಕಾಯಿ ನಿಮ್ಮ ಸೂರಿಂದು, ಅದನ್ನ ಯಾರೂ ಇಲ್ಲ ಅನ್ನಲ್ಲ. ಬಲಿಯೋವರೆಗೂ ಬುಡದ ನೀರು ಕುಡೀಲಿ. ಬಲಿತ ಮೇಲೆ ನಿಮ್ಮ ಕಾಯಿ ನೀವು ತಗೊಂಡು ಹೋಗಿ."

ದೇವೀರಮ್ಮ ಬಾಯಿ ತೆಗೆದಳು. ಕತ್ತರಿ ಆಡಲಿಲ್ಲ. ಸೊಸೆಯ ಮುಖ ನೋಡಿದಳು. ದೇವೀರಮ್ಮನೂ ಒಂದು ಕಾಲದಲ್ಲಿ ಯಾರದೋ ಹಿತ್ತಲ ಬಳ್ಳಿಯೇ ಅಲ್ವಾ? "ಬಲಿತ ಮೇಲೆ ಒಂದು ದಿನಾನೂ ಬಿಡಲ್ಲ, ಈಗಲೇ ಹೇಳಿದ್ದೀನಿ" ಅಂತ ಗೊಣಗಿ, ತಾನೇ ಸೊಸೆಯ ಮಡಿಲು ಹಿಡಿಸಿದಳು. ಚಿಕ್ಕತಾಯಿ ಕಾಯಿ ಕಿತ್ತು ಕೊಟ್ಟಳು, ಹೊಂಬಾಳಮ್ಮ ಮಗಳ ಮಡಿಲಿಗೆ ಹಾಕಿದಳು.

ಆವತ್ತು ಹುಳಿ ಕುದಿದ ವಾಸನೆಗೆ ಇಡೀ ಬೀದಿ ಮೂಗು ಎತ್ತಿತು. ಚೆಲುವಿ ಮೂರು ಸಲ ಹಾಕಿಸ್ಕೊಂಡಳು, ದೇವೀರಮ್ಮ ನಾಲ್ಕು ಸಲ.

ಮಳೆಗಾಲ ಬಂತು, ಹೋಯ್ತು. ಚೆಲುವಿ ಹೆತ್ತಳು, ಹೆಣ್ಣುಮಗು. ಚಿಕ್ಕತಾಯಿ ತೊಟ್ಟಿಲ ಹತ್ತಿರ ಬಂದು ನೋಡ್ತಾಳೆ, ತೊಟ್ಟಿಲಿಗೆ ಸುತ್ತ ಸೀರೆ, ಸೀರೆಯ ಮೇಲೆ ಮಂಕರಿ! "ತೆಗಿಯೇ ಮಾರಾಯ್ತಿ, ಉಸಿರಾಡಲಿ ಮಗು" ಅಂತ ಎಲ್ಲ ಕಿತ್ತು ಹಾಕಿದಳು. ಅದೇ ಹೊತ್ತಿಗೆ ಬೊಮ್ಮಲಿಂಗ ಬಂದ. ಬೆರಳಿನ ಬಟ್ಟೆ ಬಿಚ್ಚಿ ಎಷ್ಟೋ ದಿನ ಆಗಿತ್ತು. ಮೊಮ್ಮಗಳು ಕಣ್ಣು ಬಿಟ್ಟದ್ದು ಕಂಡು ಬೆರಳು ಚಾಚಿ ಕೂಗಿದ:

"ಅಗೋ ನೋಡೇ!"

ಹೊಂಬಾಳಮ್ಮನ ಕೈ ಅವನ ಬೆರಳು ಮಡಚೋಕೆ ಅಂತ ಮೇಲೆದ್ದಿತು. ಅಷ್ಟರಲ್ಲಿ ಮಗು ಆ ಬೆರಳನ್ನ ಗಟ್ಟಿಯಾಗಿ ಹಿಡ್ಕೊಂಡಿತು. ಮಗು ಹಿಡಿದ ಬೆರಳನ್ನ ಯಾರು ಮಡಚ್ತಾರೆ? ಎದ್ದ ಕೈ ಕೆಳಗಿಳೀತು. ಇಳಿಯೋ ದಾರಿಯಲ್ಲೇ ಕಾಡಿಗೆ ಕರಡಿಗೆಗೆ ಹೋಗಿ, ಮಗುವಿನ ಕೆನ್ನೆಗೆ ಒಂದು ದೃಷ್ಟಿಬೊಟ್ಟು ಇಟ್ಟಿತು. ಇರಲಿ ಬಿಡಿ, ಅಷ್ಟು ಬೇಕು.

ಕಾಯಿ ಅವರ ಹುಳಿಗೆ ಹೋಯ್ತು, ಕುಲಾವಿ ಗಾಳಿಗೆ ಹೋಯ್ತು, ಬೀಜ ನನ್ನ ಸೆರಗಿಗೆ ಬಂತು. ಬೇಕಾದೋರು ಒಂದೊಂದು ತಗೊಂಡು ಊರಿ. ಹೂ ಬಿಟ್ಟಾಗ ಬಾಗಿಲು ತೆಗೆದಿಡಿ. ಕಥೆ ಹೇಳಿದ ಬಾಯಿ ಒಣಗಿದೆ, ಕೇಳಿದ ಕಿವಿಯವರು ಯಾರಾದರೂ ಎದ್ದು ಒಂದು ಲೋಟ ಮಜ್ಜಿಗೆ ತನ್ನಿ.